ಮದ್ದಿಗೆ ಜಗ್ಗದೆ ಉಳಿದ ಕೋಶದ ದೌರ್ಬಲ್ಯ

ಕೋಶಕ್ಕೆ ಬೆಳೆಯುವ ಸಂಕೇತ ಕೊಡುವ ಪ್ರೋಟೀನನ್ನು ರೂಪಿಸುವ ಇಜಿಎಫ್‌ಆರ್ ಜೀನ್‌ನಲ್ಲಿ ರೂಪಾಂತರವಿರುವ ಶ್ವಾಸಕೋಶದ ಕ್ಯಾನ್ಸರ್ ಪಾಶ್ಚಾತ್ಯ ದೇಶಗಳಿಗಿಂತ ಭಾರತದಲ್ಲಿ ಮತ್ತು ಪೂರ್ವ ಏಷ್ಯಾದಲ್ಲಿ ಹೆಚ್ಚಾಗಿ ಕಂಡುಬರುತ್ತದೆ. ಆ ಪ್ರೋಟೀನನ್ನು ತಡೆಯುವ ಜೆಫಿಟಿನಿಬ್‌ನಂಥ ಮಾತ್ರೆಗಳಿಂದ ಈ ಗೆಡ್ಡೆಗಳು ಕೆಲವೇ ವಾರಗಳಲ್ಲಿ ಕುಗ್ಗುತ್ತವೆಯಾದರೂ ಬಹುಪಾಲು ರೋಗಿಗಳಲ್ಲಿ ವರ್ಷದ ಆಸುಪಾಸಿನಲ್ಲಿ ಮತ್ತೆ ಬೆಳೆಯತೊಡಗುತ್ತವೆ. ಇದಕ್ಕೆ ಒಂದು ಸ್ಪಷ್ಟ ಕಾರಣ 2005ರಲ್ಲಿ ಸಿಕ್ಕಿತು: ಅದೇ ಪ್ರೋಟೀನಿನ 790ನೇ ಸ್ಥಾನದಲ್ಲಿ ಥ್ರಿಯೋನಿನ್ ಎಂಬ ಅಮೈನೊ ಆಮ್ಲ ಇರಬೇಕಾದಲ್ಲಿ ಮೆಥಿಯೋನಿನ್ ಬಂದಿತ್ತು. ಹೀಗೆ ಮರುಕಳಿಸಿದ ಗೆಡ್ಡೆಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಈ ಬದಲಾವಣೆ ಕಾಣುತ್ತದೆ. ಅದನ್ನು ಮೀರಲೆಂದೇ ರೂಪಿಸಿದ ಒಸಿಮೆರ್ಟಿನಿಬ್‌ಗೆ 2015ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಈ ಮದ್ದು 797ನೇ ಸ್ಥಾನದ ಸಿಸ್ಟೀನಿಗೆ ಅಂಟಿಕೊಂಡು ಕೆಲಸ ಮಾಡುತ್ತದೆ. ಕೆಲವು ಗೆಡ್ಡೆಗಳಲ್ಲಿ ಆ ಸಿಸ್ಟೀನೇ ಬದಲಾಗಿ ಮದ್ದಿಗೆ ಅಂಟಿಕೊಳ್ಳಲು ನೆಲೆ ಇಲ್ಲದಾಯಿತು.

ರೂಪಾಂತರದ ಬೆನ್ನುಹತ್ತಿ ಮದ್ದು ರೂಪಿಸುವ ಕೆಲಸ ಬೇಕೇ ಬೇಕು. ಆದರೆ ಪ್ರಯೋಗಾಲಯದಲ್ಲಿ ದುಡಿಯುವ ನನ್ನಂಥವರಿಗೆ ಅದಕ್ಕೂ ಮುಂಚಿನ ಹಂತ ಹೆಚ್ಚು ಕುತೂಹಲಕರ. ಪಿಸಿ-9 ಎಂಬ ಶ್ವಾಸಕೋಶ ಕ್ಯಾನ್ಸರ್ ಕೋಶಗಳಿರುವ ಫ್ಲಾಸ್ಕಿಗೆ ಜೆಫಿಟಿನಿಬ್‌ನಂಥ ಔಷಧ ಬೆರೆಸಿದರೆ, ತಳದಲ್ಲಿ ಒತ್ತೊತ್ತಾಗಿ ಹರಡಿಕೊಂಡಿದ್ದ ಕೋಶಗಳಲ್ಲಿ ಹೆಚ್ಚಿನವು ಕೆಲವೇ ದಿನಗಳಲ್ಲಿ ದುಂಡಗಾಗಿ, ಹಿಡಿತ ಬಿಟ್ಟು ತೇಲತೊಡಗುತ್ತವೆ. ಪೋಷಕ ದ್ರವ ಬದಲಿಸಿ ಸೂಕ್ಷ್ಮದರ್ಶಕದಡಿ ಇಟ್ಟರೆ, ಖಾಲಿ ಬಿದ್ದ ತಳದಲ್ಲಿ ಅಲ್ಲೊಂದು ಇಲ್ಲೊಂದು ಕೋಶ ಅಂಟಿಕೊಂಡೇ ಇರುವುದು ಕಾಣುತ್ತದೆ. 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂಬತ್ತು ದಿನಗಳ ಬಳಿಕ ಹೀಗೆ ಉಳಿದವು ಸುಮಾರು ಶೇ 0.3 ಮಾತ್ರ. ಔಷಧ ತೆಗೆದಾಗ ಅವು ಮತ್ತೆ ಬೆಳೆದವು. ಆದರೆ ಅವುಗಳ ಪೀಳಿಗೆ ಅದೇ ಔಷಧಕ್ಕೆ ಪುನಃ ಬಲಿಯಾಯಿತು. ಅಂದರೆ ಅವುಗಳನ್ನು ಉಳಿಸಿದ್ದು ಜೀನ್‌ನ ಕಾಯಂ ಬದಲಾವಣೆಯಲ್ಲ, ಯಾವ ಜೀನ್ ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂಬುದರ ತಾತ್ಕಾಲಿಕ ಮಾರ್ಪಾಡು. ಹೀಗೆ ಉಳಿದವುಗಳಲ್ಲೇ ಮುಂದೆ ಕಾಯಂ ರೂಪಾಂತರ ಮೂಡಬಹುದೆಂಬುದೂ ಆಮೇಲೆ ತಿಳಿದುಬಂದಿದೆ.

ಈ ಉಳಿವು ಪುಕ್ಕಟೆ ದಕ್ಕುವುದಿಲ್ಲ. ಇಂಥ ಕೋಶಗಳಲ್ಲಿ ಗ್ಲುಟಾಥಿಯೋನ್ ಎಂಬ ರಕ್ಷಕ ಅಣುವಿನ ದಾಸ್ತಾನು ಕುಸಿದಿರುತ್ತದೆ; ಹೀಗಾಗಿ ಕೋಶಪೊರೆಯ ಕೊಬ್ಬು ಆಕ್ಸಿಡೀಕರಣದಿಂದ ಕೆಡದಂತೆ ಕಾಯುವ ಜಿಪಿಎಕ್ಸ್4 ಎಂಬ ಕಿಣ್ವವನ್ನೇ ಅವು ವಿಪರೀತ ನೆಚ್ಚಿಕೊಂಡಿರುತ್ತವೆ ಎಂದು 2017ರಲ್ಲಿ ವರದಿಯಾಯಿತು. ಆ ಕಿಣ್ವವನ್ನು ತಡೆದರೆ, ಕಬ್ಬಿಣವನ್ನು ಅವಲಂಬಿಸಿದ ಫೆರೊಪ್ಟೋಸಿಸ್ ಎಂಬ ಬಗೆಯಲ್ಲಿ ಅವು ಸಾಯುತ್ತವೆ.

ತೊಡಕಿರುವುದು ಇಲ್ಲೇ. ಜಿಪಿಎಕ್ಸ್4 ಆರೋಗ್ಯವಂತ ಅಂಗಗಳಿಗೂ ಬೇಕು. ಬೆಳೆದ ಇಲಿಗಳಲ್ಲಿ ಅದರ ಜೀನ್ ಅಳಿಸಿದಾಗ ಮೂತ್ರಪಿಂಡ ವಿಫಲಗೊಂಡು ಅವು ಸತ್ತವು. ಯಾವುದೋ ಸಂಯುಕ್ತ ಕ್ಯಾನ್ಸರ್ ಕೋಶಗಳನ್ನು ಕೊಂದಿತೆಂಬ ಸುದ್ದಿ ಓದಿದಾಗಲೆಲ್ಲ, ಅದೇ ಪ್ರಮಾಣದಲ್ಲಿ ಸಾಮಾನ್ಯ ಕೋಶಗಳು ಏನಾದವು ಎಂಬುದನ್ನು ನಾನು ಮೊದಲು ಹುಡುಕುತ್ತೇನೆ. ಫ್ಲಾಸ್ಕಿನೊಳಗಿನ ಕೋಶ ಕೊಲ್ಲಲು ಫಿನಾಯಿಲ್ ಆದರೂ ಸಾಕು. ಆದ್ದರಿಂದ ಈ ಕ್ಷೇತ್ರದ ನಿಜವಾದ ಪ್ರಶ್ನೆ ಪ್ರಮಾಣ ಮತ್ತು ಸಮಯದ್ದು: ಮೊದಲ ಮಾತ್ರೆಯಿಂದ ಗೆಡ್ಡೆ ಅತ್ಯಂತ ಕುಗ್ಗಿರುವಾಗಲೇ, ಮೂತ್ರಪಿಂಡ ತಾಳುವಷ್ಟು ಅಲ್ಪಾವಧಿಗೆ ಎರಡನೆಯ ಮದ್ದನ್ನು ಕೊಟ್ಟು, ಉಳಿದ ಕೋಶಗಳಷ್ಟನ್ನೇ ಕೊಲ್ಲಲಾದೀತೇ ಎಂಬುದು.