ವಿಷನ್ ಸೆನ್ಸರ್‌ನ ಚಿತ್ರ ಹೊಂದಿಕೆ: ಬೆಳಕು ಮೊದಲು, ಗೇನ್ ಕೊನೆಗೆ

ಪುಣೆಯ ಚಾಕಣ್ ಮತ್ತು ಭೋಸರಿಯ ಕಾರ್ಖಾನೆಗಳಲ್ಲಿ ಕೆಲಸ ಕಲಿಯುತ್ತಿರುವ ನಾವು ಕೆಲವು ಕನ್ನಡಿಗರು ಭಾನುವಾರಗಳಂದು ಒಟ್ಟಿಗೆ ಕುಳಿತು ಓದುತ್ತೇವೆ. ಉಪಕರಣದ ಕೈಪಿಡಿ ಇಂಗ್ಲಿಷಿನಲ್ಲಿರುತ್ತದೆ, ಲೈನಿನಲ್ಲಿ ಹೇಳಿಕೊಡುವವರು ಮರಾಠಿಯಲ್ಲೋ ಹಿಂದಿಯಲ್ಲೋ ಹೇಳುತ್ತಾರೆ. ಯಾವ ಗುಂಡಿ ಒತ್ತಬೇಕೆಂಬುದು ಹೀಗೆ ತಿಳಿದುಬಿಡುತ್ತದೆ, ಆದರೆ ಏಕೆ ಒತ್ತಬೇಕೆಂಬುದು ಅರ್ಧದಲ್ಲೇ ಉಳಿದುಬಿಡುತ್ತದೆ. ಆ ಅರ್ಧವನ್ನು ತುಂಬಿಕೊಳ್ಳಲು, ವಿಷನ್ ಸೆನ್ಸರ್‌ನ (ಚಿತ್ರ ತೆಗೆದು ಮಾಲು ಸರಿಯಿದೆಯೇ ಎಂದು ತಾನೇ ಹೇಳುವ ಕ್ಯಾಮೆರಾದ) ಹೊಂದಿಕೆಯ ಬಗ್ಗೆ ಈ ಟಿಪ್ಪಣಿಯನ್ನು ಬರೆದಿದ್ದೇನೆ.

ಉದಾಹರಣೆಗೆ ಒಂದೇ ಕೆಲಸವನ್ನು ಕೊನೆಯವರೆಗೂ ಇಟ್ಟುಕೊಳ್ಳೋಣ. ಅಲ್ಯೂಮಿನಿಯಂ ಮುಚ್ಚಳವೊಂದರ ಗಾಡಿಯೊಳಗೆ, ಅಂದರೆ ಅದರ ಸುತ್ತ ಕೊರೆದ ಕಾಲುವೆಯೊಳಗೆ, 3 ಮಿ.ಮೀ. ದಪ್ಪದ ಕಪ್ಪು ರಬ್ಬರ್ ರಿಂಗ್ ಕೂತಿದೆಯೇ ಇಲ್ಲವೇ ಎಂದು ಸೆನ್ಸರ್ ಹೇಳಬೇಕು. ಕನ್ವೇಯರ್‌ನ ವೇಗ ಸೆಕೆಂಡಿಗೆ 250 ಮಿ.ಮೀ. ಸೆನ್ಸರ್ ನೋಡುವ ಕ್ಷೇತ್ರದ ಅಗಲ 128 ಮಿ.ಮೀ., ಆ ಅಗಲಕ್ಕೆ ಇರುವುದು 1280 ಪಿಕ್ಸೆಲ್. ಆದ್ದರಿಂದ ಒಂದು ಪಿಕ್ಸೆಲ್ ಎಂದರೆ 0.1 ಮಿ.ಮೀ.

ಸೆನ್ಸರ್‌ಗೆ ಚಿತ್ರವೆಂದರೆ ಸಂಖ್ಯೆಗಳ ಹಾಸು. 8 ಬಿಟ್‌ನ ಕಪ್ಪು ಬಿಳುಪು ಚಿತ್ರದಲ್ಲಿ ಪ್ರತಿ ಪಿಕ್ಸೆಲ್‌ಗೂ 0ಯಿಂದ 255ರವರೆಗಿನ ಒಂದು ಬೆಲೆ ಇರುತ್ತದೆ, 0 ಎಂದರೆ ಅಚ್ಚ ಕಪ್ಪು, 255 ಎಂದರೆ ಅಚ್ಚ ಬಿಳಿ. ಪರದೆಯ ಮೇಲೆ ಚಿತ್ರ ಕಣ್ಣಿಗೆ ಹಿತವಾಗಿ ಕಂಡಿತೆಂದು ಹೊಂದಿಕೆ ಮುಗಿಸುವುದು ಆರಂಭದಲ್ಲಿ ನಾವೆಲ್ಲರೂ ಮಾಡುವ ತಪ್ಪು. ನಮಗೆ ಬೇಕಾದುದು ರಿಂಗಿನ ಬೆಲೆಗೂ ಅದರ ಪಕ್ಕದ ಲೋಹದ ಬೆಲೆಗೂ ನಡುವಿನ ಅಂತರ ದೊಡ್ಡದಾಗಿರುವುದು, ಮತ್ತು ಸಾವಿರ ಮುಚ್ಚಳ ಹಾದುಹೋದರೂ ಆ ಅಂತರ ಕದಲದಿರುವುದು. ಲೋಹ 255ಕ್ಕೆ ಹೋಗಿ ತಾಗಿದರೆ ಅಲ್ಲಿಂದಾಚೆ ಎಷ್ಟು ಬೆಳಕು ಬಿದ್ದರೂ ಬೆಲೆ ಏರುವುದಿಲ್ಲ, ಆ ಭಾಗದ ವಿವರವೆಲ್ಲ ಅಳಿದುಹೋಗುತ್ತದೆ, ಅದನ್ನು ಮುಂದಿನ ಯಾವ ಲೆಕ್ಕಾಚಾರದಿಂದಲೂ ಮರಳಿ ಪಡೆಯಲಾಗದು. ಆದ್ದರಿಂದ ಲೋಹದ ಬೆಲೆ 200ರ ಆಸುಪಾಸಿನಲ್ಲಿ ನಿಲ್ಲುವಂತೆ ನೋಡಿಕೊಳ್ಳುವುದು ನನಗೆ ಸರಿಯೆನಿಸಿದೆ.

ಎಕ್ಸ್‌ಪೋಶರ್ ಎಂದರೆ ಸೆನ್ಸರ್ ಬೆಳಕನ್ನು ಕೂಡಿಸಿಕೊಳ್ಳುವ ಕಾಲ. ಈ ಕಾಲವನ್ನು ಕಣ್ಣಂದಾಜಿನಿಂದ ಇಡಬಾರದು, ಲೆಕ್ಕ ಹಾಕಿ ಇಡಬೇಕು. ಎಕ್ಸ್‌ಪೋಶರ್ 4 ಮಿಲಿಸೆಕೆಂಡ್ ಇದ್ದರೆ ಅಷ್ಟರೊಳಗೆ ಮುಚ್ಚಳ 1 ಮಿ.ಮೀ. ಮುಂದೆ ಸಾಗಿರುತ್ತದೆ, ಅಂದರೆ ಚಿತ್ರ 10 ಪಿಕ್ಸೆಲ್‌ನಷ್ಟು ಎಳೆದಂತಾಗಿ ಮಸುಕಾಗುತ್ತದೆ. ಮುಚ್ಚಳವನ್ನು ನಿಲ್ಲಿಸಿ ಹೊಂದಿಸುವಾಗ ಈ ಮಸುಕು ಕಾಣುವುದೇ ಇಲ್ಲ; ಲೈನ್ ಓಡತೊಡಗಿದ ಮೇಲೆಯೇ ಕಾಣುತ್ತದೆ. ಮಸುಕು ಒಂದು ಪಿಕ್ಸೆಲ್‌ನೊಳಗೆ ಇರಬೇಕಾದರೆ 0.1 ಮಿ.ಮೀ. ಅನ್ನು 250ರಿಂದ ಭಾಗಿಸಬೇಕು, ಉತ್ತರ 0.4 ಮಿಲಿಸೆಕೆಂಡ್. ರಿಂಗ್ ಇದೆಯೇ ಎಂದಷ್ಟೇ ನೋಡುವುದಾದರೆ ಎರಡು ಪಿಕ್ಸೆಲ್‌ನ ಮಸುಕಿನಿಂದ ಹಾನಿಯಿಲ್ಲ, 0.8 ಮಿಲಿಸೆಕೆಂಡ್ ಇಡಬಹುದು. ಅದರ ದಪ್ಪವನ್ನು ಅಳೆಯಬೇಕಾದರೆ ಆ ಸಡಿಲಿಕೆ ಸಲ್ಲದು.

ಈಗ ತೊಡಕು ಬರುತ್ತದೆ. 4ರಿಂದ 0.4ಕ್ಕೆ ಇಳಿದರೆ ಬೆಳಕು ಹತ್ತನೇ ಒಂದು ಪಾಲಾಗಿ ಚಿತ್ರ ಕತ್ತಲಾಗುತ್ತದೆ. ಕೈಗೆ ಮೊದಲು ಸಿಗುವ ಉಪಾಯ ಗೇನ್, ಅಂದರೆ ಸೆನ್ಸರ್ ತನ್ನ ಸಂಕೇತವನ್ನು ಹಿಗ್ಗಿಸುವ ಪ್ರಮಾಣ; ಅದನ್ನು ಡೆಸಿಬೆಲ್‌ನಲ್ಲಿ ಅಳೆಯುತ್ತಾರೆ. 6 ಡೆಸಿಬೆಲ್ ಏರಿಸಿದರೆ ಬೆಲೆ ಸುಮಾರು ಇಮ್ಮಡಿಯಾಗುತ್ತದೆ, ಹತ್ತು ಪಟ್ಟಿಗೆ 20 ಡೆಸಿಬೆಲ್ ಬೇಕು. ಆದರೆ ಗೇನ್ ಹೊಸ ಬೆಳಕನ್ನು ತರುವುದಿಲ್ಲ. ಬಂದಿರುವ ಅಲ್ಪ ಬೆಳಕಿನ ಸಂಕೇತವನ್ನೂ ಅದರೊಡನಿರುವ ನಾಯ್ಸ್ ಅನ್ನೂ, ಅಂದರೆ ಬೇಡದ ಏರಿಳಿತವನ್ನೂ, ಒಟ್ಟಿಗೆ ಹಿಗ್ಗಿಸುತ್ತದೆ. ಕಾಳು ಕಾಳಾದ ಆ ಚಿತ್ರದಲ್ಲಿ ರಿಂಗಿನ ಅಂಚು ಒಂದೊಂದು ಸಲ ಒಂದೊಂದು ಕಡೆ ಸಿಗುತ್ತದೆ. ಅದಕ್ಕಾಗಿ ಮೊದಲು ದೀಪವನ್ನು ಹತ್ತಿರ ತರಬೇಕು ಅಥವಾ ಬಲವಾದ ದೀಪ ಹಾಕಬೇಕು. ಎಕ್ಸ್‌ಪೋಶರ್‌ನ ಗಳಿಗೆಯಲ್ಲಷ್ಟೇ ದೀಪವನ್ನು ಹೆಚ್ಚು ಕರೆಂಟಿನಿಂದ ಬೆಳಗಿಸುವ ಸ್ಟ್ರೋಬ್ ಸೌಲಭ್ಯವಿದ್ದರೆ ಅದನ್ನು ಬಳಸಬೇಕು. ನಂತರ ಲೆನ್ಸಿನ ಅಪರ್ಚರ್ (ಬೆಳಕು ಒಳಬರುವ ಕಿಂಡಿ) ತೆರೆಯಬಹುದು, ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು: ಎಫ್ 8ರಿಂದ ಎಫ್ 4ಕ್ಕೆ ಬಂದರೆ ಬೆಳಕು ನಾಲ್ಕು ಪಟ್ಟಾಗುತ್ತದೆ, ಆದರೆ ಫೋಕಸ್ ಉಳಿಯುವ ಆಳ ಕಡಿಮೆಯಾಗುತ್ತದೆ, ಮುಚ್ಚಳ ಕನ್ವೇಯರ್ ಮೇಲೆ ಸ್ವಲ್ಪ ಎದ್ದು ಕೂತರೂ ಮಂಜಾಗುತ್ತದೆ. ಇಷ್ಟೆಲ್ಲ ಆದ ಮೇಲೂ ಕೊರತೆ ಉಳಿದರೆ ಮಾತ್ರ ಗೇನ್‌ಗೆ ಕೈ ಹಾಕಬೇಕು.

ಬೆಳಕು ಎಷ್ಟು ಎಂಬುದಕ್ಕಿಂತ ಎಲ್ಲಿಂದ ಬರುತ್ತದೆ ಎಂಬುದು ಇನ್ನೂ ಮುಖ್ಯ. ದೀಪವನ್ನು ಪಕ್ಕದಿಂದ ತಗ್ಗಾಗಿ ಇಟ್ಟರೆ ಗಾಡಿಯ ಗೋಡೆಯ ನೆರಳು ತಳಕ್ಕೆ ಬೀಳುತ್ತದೆ, ರಿಂಗ್ ಇಲ್ಲದ ಗಾಡಿಯೂ ಕಪ್ಪಾಗಿ ಕಂಡು ಸೆನ್ಸರ್ ಅದನ್ನು ರಿಂಗ್ ಎಂದೇ ಎಣಿಸುತ್ತದೆ. ಒಳ್ಳೆಯ ಮುಚ್ಚಳವನ್ನು ತಳ್ಳಿಹಾಕುವುದಕ್ಕಿಂತ ಇದು ಬಹಳ ಅಪಾಯಕಾರಿ, ಏಕೆಂದರೆ ದೋಷವಿರುವ ಮಾಲು ಸದ್ದಿಲ್ಲದೆ ಮುಂದೆ ಹೋಗುತ್ತದೆ. ಹೊಳೆಯುವ ಲೋಹಕ್ಕೆ ಎಲ್ಲ ಕಡೆಯಿಂದ ಸಮನಾಗಿ ಬೆಳಕು ಚೆಲ್ಲುವ ಗುಮ್ಮಟದಾಕಾರದ ದೀಪ ಒಪ್ಪುತ್ತದೆ: ಖಾಲಿ ಗಾಡಿ ಬೆಳ್ಳಗೆ ಕಾಣುತ್ತದೆ, ರಬ್ಬರ್ ಬೆಳಕನ್ನು ಹೀರಿಕೊಂಡು ಕಪ್ಪಾಗಿಯೇ ಉಳಿಯುತ್ತದೆ. ಲೋಹದ ಮಿಂಚನ್ನು ತಡೆಯಲು ಲೆನ್ಸಿಗೆ ಮಾತ್ರ ಪೋಲರೈಸರ್ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಫಿಲ್ಟರ್) ಹಾಕಿದರೆ ಸಾಲದು. ದೀಪಕ್ಕೂ ಒಂದನ್ನು ಹಾಕಿ ಎರಡನ್ನೂ ಪರಸ್ಪರ ಅಡ್ಡವಾಗಿ ತಿರುಗಿಸಬೇಕು, ಆಗ ಕಳೆದುಹೋಗುವ ಬೆಳಕಿನ ಲೆಕ್ಕವನ್ನೂ ಮೊದಲೇ ಇಟ್ಟುಕೊಳ್ಳಬೇಕು.

ಹೊರಗಿನ ಬೆಳಕಿನ ವಿಷಯದಲ್ಲಿ ನಾನು ಮಾಡಿದ ತಪ್ಪನ್ನು ಹೇಳಿಬಿಡುತ್ತೇನೆ. ಜುಲೈ ತಿಂಗಳ ಮೋಡ ಕವಿದ ದಿನವೊಂದರಲ್ಲಿ ಒಂದು ಸೆನ್ಸರ್ ಹೊಂದಿಸಿದೆ, ಅದು ಚೆನ್ನಾಗಿ ನಡೆಯಿತು. ಮಳೆಗಾಲ ಮುಗಿದು ಅಕ್ಟೋಬರಿನ ಬಿಸಿಲು ಛಾವಣಿಯ ಪಾರದರ್ಶಕ ತಗಡುಗಳ ಮೂಲಕ ಲೈನಿನ ಮೇಲೆ ಬೀಳತೊಡಗಿದಾಗ, ಮಧ್ಯಾಹ್ನದ ಹೊತ್ತು ಕಪ್ಪು ರಿಂಗ್ ಬೂದು ಬಣ್ಣಕ್ಕೆ ತಿರುಗಿ ಒಳ್ಳೆಯ ಮುಚ್ಚಳಗಳೆಲ್ಲ ತಿರಸ್ಕಾರದ ಪೆಟ್ಟಿಗೆಗೆ ಬಿದ್ದವು. ಎಕ್ಸ್‌ಪೋಶರ್ ಇಳಿಸಿ ಆ ಹೊತ್ತಿಗೆ ಸರಿಮಾಡಿದೆ, ರಾತ್ರಿ ಪಾಳಿಯಲ್ಲಿ ಚಿತ್ರವೇ ಕತ್ತಲಾಗಿ ಮತ್ತೆ ಕೆಟ್ಟಿತು. ಕೊನೆಗೆ ಸೆನ್ಸರ್ ಸುತ್ತ ಕಪ್ಪು ಹಾಳೆಯ ಮರೆ ಕಟ್ಟಿ, ಕೆಂಪು ದೀಪ ಹಾಕಿ, ಆ ಕೆಂಪನ್ನಷ್ಟೇ ಒಳಬಿಡುವ ಫಿಲ್ಟರನ್ನು ಲೆನ್ಸಿಗೆ ಸೇರಿಸಿದ ಮೇಲೆ ತೊಂದರೆ ನಿಂತಿತು. ಅಂದಿನಿಂದ ಒಂದು ಪರೀಕ್ಷೆಯನ್ನು ತಪ್ಪಿಸುವುದಿಲ್ಲ: ಎಕ್ಸ್‌ಪೋಶರ್, ಗೇನ್ ಹಾಗೆಯೇ ಇಟ್ಟು ಸೆನ್ಸರ್‌ನ ಸ್ವಂತ ದೀಪವನ್ನು ಮಾತ್ರ ಆರಿಸಿ ಒಂದು ಚಿತ್ರ ತೆಗೆಯುತ್ತೇನೆ. ಚಿತ್ರ ಹೆಚ್ಚುಕಡಿಮೆ ಪೂರ್ತಿ ಕಪ್ಪಾಗಿ ಬರಬೇಕು. ಏನಾದರೂ ಕಂಡರೆ ಅಷ್ಟು ಬೆಳಕು ನಮ್ಮ ಹಿಡಿತದಲ್ಲಿಲ್ಲವೆಂದೇ ಅರ್ಥ. ನಮ್ಮ ದೇಶದ ಕರೆಂಟು 50 ಹರ್ಟ್ಸ್ ಆಗಿರುವುದರಿಂದ ಛಾವಣಿಯ ಹಲವು ದೀಪಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. 10 ಮಿಲಿಸೆಕೆಂಡಿನ ಆ ಆವರ್ತಕ್ಕಿಂತ ನಮ್ಮ ಎಕ್ಸ್‌ಪೋಶರ್ ಚಿಕ್ಕದಾದಾಗ ಒಂದು ಚಿತ್ರ ಬೆಳಗಿ ಮತ್ತೊಂದು ಮಂಕಾಗುವುದು ಇದೇ ಕಾರಣದಿಂದ.

ಟ್ರಿಗರ್, ಅಂದರೆ ಚಿತ್ರ ತೆಗೆ ಎಂದು ಸೆನ್ಸರ್‌ಗೆ ಹೋಗುವ ಸಂಕೇತ, ಅದರ ವಿಷಯದಲ್ಲಿಯೂ ಲೆಕ್ಕವೇ ದಾರಿ. ಮುಚ್ಚಳವನ್ನು ಗುರುತಿಸುವ ಫೋಟೋ ಸೆನ್ಸರ್‌ನಿಂದ ಚಿತ್ರದ ನಡುವಿಗೆ 50 ಮಿ.ಮೀ. ದೂರವಿದ್ದರೆ ವಿಳಂಬ 200 ಮಿಲಿಸೆಕೆಂಡ್ ಇಡಬೇಕು. ಕನ್ವೇಯರ್‌ನ ವೇಗ 200ಕ್ಕೆ ಇಳಿದರೆ ಅದೇ ವಿಳಂಬದಲ್ಲಿ ಮುಚ್ಚಳ 40 ಮಿ.ಮೀ. ಮಾತ್ರ ಸಾಗಿ, 100 ಪಿಕ್ಸೆಲ್ ಹಿಂದೆಯೇ ಸೆರೆಯಾಗುತ್ತದೆ. ವೇಗ ಬದಲಾಗುವ ಲೈನಿನಲ್ಲಿ ಕಾಲವನ್ನು ಬಿಟ್ಟು, ಕನ್ವೇಯರ್ ಸಾಗಿದ ದೂರವನ್ನು ಎಣಿಸುವ ಎನ್ಕೋಡರ್‌ನ ಎಣಿಕೆಯನ್ನು ನಂಬಬೇಕು. ಟ್ರಿಗರ್ ತಂತಿಯನ್ನು, ಲೈನಿನ ಯಂತ್ರಗಳನ್ನು ನಡೆಸುವ ನಿಯಂತ್ರಕವಾದ ಪಿಎಲ್‌ಸಿ ಮೂಲಕ ತರುವ ಅಭ್ಯಾಸವೂ ಒಳ್ಳೆಯದಲ್ಲ: ಪಿಎಲ್‌ಸಿಯ ಒಂದು ಸುತ್ತು (ಇನ್‌ಪುಟ್ ಒಮ್ಮೆ ಓದಿ ಮತ್ತೆ ಓದುವವರೆಗಿನ ಕಾಲ) 10 ಮಿಲಿಸೆಕೆಂಡ್ ಆಗಿದ್ದರೆ ಮುಚ್ಚಳದ ಜಾಗ 2.5 ಮಿ.ಮೀ.ವರೆಗೆ ಹಿಂದೆಮುಂದಾಗುತ್ತದೆ. ಫೋಟೋ ಸೆನ್ಸರ್ ಅನ್ನು ನೇರವಾಗಿ ವಿಷನ್ ಸೆನ್ಸರ್‌ನ ಟ್ರಿಗರ್ ಇನ್‌ಪುಟ್‌ಗೆ ಜೋಡಿಸಿದರೆ ಆ ಅಲುಗಾಟ ಹೋಗುತ್ತದೆ.

ಇವುಗಳಲ್ಲಿ ಯಾವುದನ್ನು ಬದಲಾಯಿಸಿದರೂ ಮಾದರಿ ಚಿತ್ರವನ್ನು ಹೊಸದಾಗಿ ನೋಂದಾಯಿಸಬೇಕು, ಏಕೆಂದರೆ ಸರಿ-ತಪ್ಪು ತೀರ್ಮಾನಿಸುವ ಹಳೆಯ ಮಿತಿಗಳು ಹಳೆಯ ಬೆಳಕಿಗೆ ಹೊಂದಿಸಿದವು. ಫೋಕಸ್ ಅನ್ನು ಅಪರ್ಚರ್ ಪೂರ್ತಿ ತೆರೆದು ಹೊಂದಿಸಿ, ಆಮೇಲೆ ಅಪರ್ಚರ್ ಅನ್ನು ಬೇಕಾದಷ್ಟು ಕಿರಿದಾಗಿಸಬೇಕು. ತೆರೆದಾಗ ಆಳ ಕಡಿಮೆಯಿರುವುದರಿಂದ ಸರಿಯಾದ ಬಿಂದು ಸ್ಪಷ್ಟವಾಗಿ ಸಿಗುತ್ತದೆ. ಲೆನ್ಸಿನ ಚಿಕ್ಕ ಸ್ಕ್ರೂ ಬಿಗಿ ಮಾಡುವಾಗ ಲೆನ್ಸಿನ ಫೋಕಸ್ ಉಂಗುರ ಕೂದಲೆಳೆಯಷ್ಟು ತಿರುಗುವುದುಂಟು, ಆದ್ದರಿಂದ ಬಿಗಿ ಮಾಡಿದ ಮೇಲೆ ಫೋಕಸ್ ಅನ್ನು ಇನ್ನೊಮ್ಮೆ ನೋಡಿ, ರಿಂಗ್ ಇರುವ ಮುಚ್ಚಳವನ್ನೂ ಇಲ್ಲದ ಮುಚ್ಚಳವನ್ನೂ ಓಡುವ ಲೈನಿನಲ್ಲಿಯೇ ಹಾಯಿಸಿ ಎರಡರ ಬೆಲೆಗಳನ್ನು ಬರೆದುಕೊಳ್ಳಬೇಕು.