ಸೊಂಟ ನೋವು ಅಂದರೆ ನಾನು ಹೊಟ್ಟೆ ಮುಟ್ಟಿ ನೋಡುವುದು ಯಾಕೆ?

ಮಗಳ ಬಾಣಂತನಕ್ಕೆ ಅಂತ ಹಾಸನದ ಕಡೆಯಿಂದ ಬಂದಿದ್ದ ಅಮ್ಮ ಒಬ್ಬರನ್ನು ಅವರ ಅಳಿಯ ನನ್ನ ಕ್ಲಿನಿಕ್‌ಗೆ ಕರೆದುಕೊಂಡು ಬಂದಿದ್ದರು. ವಯಸ್ಸು 68. ಡೆಟ್ರಾಯಿಟ್‌ಗೆ ಬಂದು ಮೂರು ವಾರ. ಬಾಗಿಲಿಂದ ಕುರ್ಚಿಯವರೆಗೆ ಮುಂದಕ್ಕೆ ಬಗ್ಗಿಕೊಂಡೇ ನಡೆದು ಬಂದರು, ಬಲಗೈ ಸೊಂಟದ ಮೇಲೆ.

"ಕೂತ್ರೆ ಏಳೋಕಾಗಲ್ಲ ಡಾಕ್ಟ್ರೇ, ಎದ್ರೆ ನೆಟ್ಟಗೆ ನಿಲ್ಲೋಕಾಗಲ್ಲ. ಉಳುಕಿರ್ಬೇಕು. ನಮ್ಮೂರಲ್ಲಾಗಿದ್ರೆ ಕಾಲು ಮುಂದಾಗಿ ಹುಟ್ಟಿದೋರ ಹತ್ರ ಹೋಗಿ ಒದೆಸ್ಕೊಂಡು ಬರ್ತಿದ್ದೆ."

ನಗು ಬಂತು. ಚಿಕ್ಕವನಿದ್ದಾಗ ಅಜ್ಜಿಯ ಜೊತೆ ಅಂಥವರ ಮನೆ ಬಾಗಿಲಿಗೆ ನಾನೂ ಹೋದವನೇ. "ಮಲಗಿ ಅಮ್ಮ, ಹೊಟ್ಟೆ ನೋಡ್ತೀನಿ" ಅಂದೆ. ಅವರು ಅಳಿಯನ ಮುಖ ನೋಡಿದರು. ನೋವಿರುವುದು ಸೊಂಟದಲ್ಲಿ ಅಲ್ವಾ, ಈ ಡಾಕ್ಟರಿಗೆ ಏನಾಗಿದೆ ಅನ್ನುವ ಹಾಗೆ.

ನಾನು ಡಿ.ಓ., ಅಂದರೆ ಆಸ್ಟಿಯೋಪಥಿ ಪದ್ಧತಿಯಲ್ಲಿ ಓದಿದ ವೈದ್ಯ. ಊರಿಗೆ ಹೋದಾಗಲೆಲ್ಲ "ಹಾಗಾದ್ರೆ ನೀನು ಎಂ.ಡಿ. ಅಲ್ವಾ?" ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಅಮೆರಿಕದಲ್ಲಿ ಎರಡೂ ಪೂರ್ತಿ ಡಾಕ್ಟರ್ ಪದವಿಗಳೇ. ಔಷಧ ಬರೆಯುತ್ತೇವೆ, ಆಪರೇಷನ್ ಮಾಡುವವರೂ ಇದ್ದಾರೆ, ಇಲ್ಲಿನ ವೈದ್ಯ ವಿದ್ಯಾರ್ಥಿಗಳಲ್ಲಿ ಈಗ ಸುಮಾರು ನಾಲ್ಕರಲ್ಲಿ ಒಬ್ಬರು ಡಿ.ಓ. ಓದುವವರು. ಒಂದು ವಿಷಯ ಮಾತ್ರ ಜಾಸ್ತಿ ಓದುತ್ತೇವೆ. ಕೈಯಿಂದ ಮುಟ್ಟಿ ಪರೀಕ್ಷಿಸುವುದು, ಕೈಯಿಂದಲೇ ಚಿಕಿತ್ಸೆ ಮಾಡುವುದು, ಸುಮಾರು 200 ಗಂಟೆಗಳ ತರಬೇತಿ. ಇದನ್ನು ಶುರು ಮಾಡಿದವರು ಆಂಡ್ರ್ಯೂ ಟೇಲರ್ ಸ್ಟಿಲ್. 1864ರಲ್ಲಿ ಮೆನಿಂಜೈಟಿಸ್ ಅವರ ಮೂರು ಮಕ್ಕಳನ್ನು ತೆಗೆದುಕೊಂಡು ಹೋಯಿತು, ಆ ಕಾಲದ ಔಷಧ ಯಾವುದೂ ಕೆಲಸಕ್ಕೆ ಬರಲಿಲ್ಲ. ಆ ಸಿಟ್ಟಿನಲ್ಲಿ, ಆ ಸಂಕಟದಲ್ಲಿ ಬೇರೆ ದಾರಿ ಹುಡುಕಿದರು. 1892ರಲ್ಲಿ ಮಿಸ್ಸೌರಿಯ ಕರ್ಕ್ಸ್‌ವಿಲ್‌ನಲ್ಲಿ ಮೊದಲ ಕಾಲೇಜು ತೆರೆದರು. ಸ್ಟಿಲ್‌ಗೆ ಔಷಧ ಕಂಡರೆ ಆಗುತ್ತಿರಲಿಲ್ಲ. ಆ ಹಟವನ್ನು ನಾವು ಬಿಟ್ಟು ಬಹಳ ಕಾಲ ಆಯಿತು, ಬಿಟ್ಟಿದ್ದೇ ಒಳ್ಳೆಯದಾಯಿತು.

ಮತ್ತೆ ಅಮ್ಮನ ಸೊಂಟಕ್ಕೆ ಬರೋಣ.

ಕೈ ಇಡುವ ಮೊದಲು ಕೇಳುವ ಪ್ರಶ್ನೆಗಳಿವೆ. ಜ್ವರ ಬಂದಿತ್ತಾ, ಸುಮ್ನೆ ಸುಮ್ನೆ ತೂಕ ಇಳಿದಿದೆಯಾ, ರಾತ್ರಿ ಮಲಗಿದಾಗ ನೋವು ಜಾಸ್ತಿನಾ, ಕಾಲಿನಲ್ಲಿ ಶಕ್ತಿ ಕಮ್ಮಿ ಆಗಿದೆಯಾ, ತೊಡೆ ಸಂದಿಯಲ್ಲಿ ಮರಗಟ್ಟಿದೆಯಾ, ಮೂತ್ರ ಹಿಡಿತ ತಪ್ಪಿದೆಯಾ, ಹಿಂದೆ ಕ್ಯಾನ್ಸರ್ ಆಗಿತ್ತಾ. ಇದರಲ್ಲಿ ಯಾವುದಕ್ಕಾದರೂ ಹೌದು ಅಂದರೆ ನನ್ನ ಕೈ ಹಿಂದಕ್ಕೆ, ಸ್ಕ್ಯಾನು ರಕ್ತ ಪರೀಕ್ಷೆ ಮುಂದಕ್ಕೆ. ನಮ್ಮ ದೇಶದವರಲ್ಲಿ ಬೆನ್ನುಮೂಳೆಯ ಟಿ.ಬಿ.ಯನ್ನೂ ತಲೆಯಲ್ಲಿ ಇಟ್ಟುಕೊಂಡಿರಬೇಕು. ಅದೂ ಸೊಂಟ ನೋವಿನ ವೇಷದಲ್ಲೇ ಬರುತ್ತದೆ. 68ರ ಹೆಂಗಸಿಗೆ ಮೂಳೆ ಸವೆದು ಸಣ್ಣ ಬಿರುಕು ಬಿಟ್ಟಿರಬಹುದು ಅಂತ ಬೆನ್ನುಮೂಳೆಯನ್ನು ಒಂದೊಂದಾಗಿ ತಟ್ಟಿ ನೋಡಿದೆ. ಎಲ್ಲೂ ಚುಳುಕ್ ಅನ್ನಲಿಲ್ಲ. ಕಾಲು ನೇರವಾಗಿ ಎತ್ತಿದರೆ ಮೀನಖಂಡದವರೆಗೆ ಎಳೆತವೂ ಬರಲಿಲ್ಲ. ಹಾಗಾಗಿ ಡಿಸ್ಕ್ ನರ ಒತ್ತುತ್ತಿರುವ ಸಾಧ್ಯತೆ ಕಮ್ಮಿ.

ಆಮೇಲೆ ಕೈಯ ಕೆಲಸ. ನಾವು ನಾಲ್ಕು ವಿಷಯ ಹುಡುಕುತ್ತೇವೆ. ಮಾಂಸದ ಹದ ಬದಲಾಗಿದೆಯಾ, ಎಡಕ್ಕೂ ಬಲಕ್ಕೂ ವ್ಯತ್ಯಾಸ ಇದೆಯಾ, ಕೀಲು ಪೂರ್ತಿ ಆಡುತ್ತಿದೆಯಾ, ಒತ್ತಿದರೆ ನೋವಾ. ಅಮ್ಮನನ್ನು ಮೇಜಿನ ತುದಿಯಲ್ಲಿ ಮಲಗಿಸಿ, ಎಡ ಮೊಣಕಾಲನ್ನು ಎದೆಗೆ ಅಪ್ಪಿಕೊಳ್ಳಿ ಅಂದೆ, ಬಲಗಾಲು ಕೆಳಗೆ ಇಳಿಬಿಡಿ ಅಂದೆ. ಕಾಲು ಇಳಿಯಲೇ ಇಲ್ಲ. ತೊಡೆ ಗಾಳಿಯಲ್ಲೇ ನಿಂತಿತ್ತು. ಕಾಲು ಬದಲಿಸಿದಾಗ ಎಡತೊಡೆ ಸಲೀಸಾಗಿ ಮೇಜಿಗೆ ತಾಗಿತು.

ಸೋವಾಸ್ ಅಂತ ಒಂದು ಸ್ನಾಯು ಇದೆ. ಸೊಂಟದ ಬೆನ್ನುಮೂಳೆಯಿಂದ ಹೊರಟು, ಹೊಟ್ಟೆಯ ಒಳಗೆ ಹಿಂಭಾಗದಲ್ಲಿ ಹಾದು, ತೊಡೆಮೂಳೆಯ ಒಳಬದಿಗೆ ಹೋಗಿ ಸೇರುತ್ತದೆ. ಕೂತಾಗ ಇದು ಗಿಡ್ಡವಾಗಿರುತ್ತದೆ. ಇಪ್ಪತ್ತಕ್ಕೂ ಹೆಚ್ಚು ಗಂಟೆ ವಿಮಾನದ ಸೀಟಿನಲ್ಲಿ, ಬಂದ ಮೇಲೆ ಮಗುವನ್ನು ತೊಡೆ ಮೇಲೆ ಹಾಕಿಕೊಂಡು ಹೂತು ಹೋಗುವಂಥ ಸೋಫಾದಲ್ಲಿ ಹೊತ್ತುಗಟ್ಟಲೆ. ಅದು ಗಿಡ್ಡವಾಗಿಯೇ ಇರುವುದನ್ನು ರೂಢಿ ಮಾಡಿಕೊಂಡಿತು. ಈಗ ಎದ್ದು ನಿಂತರೆ ಬೆನ್ನುಮೂಳೆಯನ್ನು ಮುಂದಕ್ಕೆ ಎಳೆಯುತ್ತದೆ. ನೋವು ಹಿಂದೆ, ಎಳೆಯುವ ಹಗ್ಗ ಮುಂದೆ. ಹೊಟ್ಟೆಯ ಬಲಬದಿಯಲ್ಲಿ, ಸೊಂಟದ ಮೂಳೆಯ ಮೂಗು ಅನ್ನಬಹುದಾದ ಜಾಗದಿಂದ ಒಳಕ್ಕೆ ಮೆಲ್ಲಗೆ ಬೆರಳು ಇಳಿಸಿದೆ. "ಅಯ್ಯೋ, ಅಲ್ಲೇ!" ಅಂದರು.

ಚಿಕಿತ್ಸೆ ನೋಡಿದರೆ ನಿರಾಸೆ ಆಗಬಹುದು, ಲಟಕ್ ಅನ್ನುವ ಸದ್ದೇ ಇಲ್ಲ. ಇಳಿಬಿಟ್ಟ ತೊಡೆಯ ಮೇಲೆ ನನ್ನ ಕೈ ಇಟ್ಟು, ಮೆಲ್ಲಗೆ ಮೇಲಕ್ಕೆ ತಳ್ಳಿ ಅಂದೆ. ಐದು ಸೆಕೆಂಡ್ ತಳ್ಳಿದರು, ನಾನು ತಡೆದು ಹಿಡಿದೆ. ಬಿಟ್ಟಾಗ ಸ್ನಾಯು ಒಂಚೂರು ಸಡಿಲವಾಗುತ್ತದೆ, ಆಗ ತೊಡೆಯನ್ನು ಒಂದಿಷ್ಟು ಕೆಳಗೆ ಇಳಿಸಬೇಕು. ನಾಲ್ಕು ಸಲ ಹೀಗೆ. ಇನ್ನೂ ನೋವು ಉಳಿದಿದ್ದ ಆ ಬಿಂದುವಿಗೆ ಉಲ್ಟಾ ದಾರಿ. ಎಳೆಯುವುದಲ್ಲ, ಇನ್ನಷ್ಟು ಮಡಿಸುವುದು. ಎರಡೂ ಮೊಣಕಾಲು ಮಡಿಸಿ, ನೋವು ಮಾಯವಾಗುವ ಕೋನ ಹುಡುಕಿ, 90 ಸೆಕೆಂಡ್ ಹಾಗೇ ಹಿಡಿದುಕೊಂಡು ನಿಲ್ಲುವುದು.

ಈ ಎರಡನೆಯದು ಸಿಕ್ಕಿದ್ದು ಅಕಸ್ಮಾತ್ತಾಗಿ. 1955ರಲ್ಲಿ ಒರೆಗಾನ್ ರಾಜ್ಯದ ಲಾರೆನ್ಸ್ ಜೋನ್ಸ್ ಅನ್ನುವ ಡಿ.ಓ. ಹತ್ತಿರ ಬಗ್ಗಿದ ಬೆನ್ನಿನ ಒಬ್ಬ ಯುವಕ ಬರುತ್ತಿದ್ದ. ಎಷ್ಟು ವಾರ ಚಿಕಿತ್ಸೆ ಕೊಟ್ಟರೂ ಗುಣ ಇಲ್ಲ, ರಾತ್ರಿ ನಿದ್ದೆಯೂ ಇಲ್ಲ. ನಿದ್ದೆಗಾದರೂ ಒಂದು ಭಂಗಿ ಹುಡುಕೋಣ ಅಂತ ಜೋನ್ಸ್ ಅವನನ್ನು ಹಾಗೆ ಹೀಗೆ ಮಡಿಸಿ, ನೋವಿಲ್ಲದ ಭಂಗಿಯಲ್ಲಿ ಬಿಟ್ಟು ಬೇರೆ ರೋಗಿ ನೋಡಲು ಹೋದರು. ವಾಪಸ್ ಬಂದು ಎಬ್ಬಿಸಿದರೆ ಅವನು ನೆಟ್ಟಗೆ ನಿಂತಿದ್ದ.

ಕಥೆ ಚೆನ್ನಾಗಿದೆ. ಆದರೆ ಕಥೆ ಪುರಾವೆ ಅಲ್ಲ. 1999ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಅಧ್ಯಯನದಲ್ಲಿ ಸೊಂಟ ನೋವಿಗೆ ನಮ್ಮ ಕೈಚಿಕಿತ್ಸೆ ಪಡೆದವರೂ ಮಾಮೂಲಿ ಚಿಕಿತ್ಸೆ ಪಡೆದವರೂ ಹೆಚ್ಚುಕಮ್ಮಿ ಒಂದೇ ಮಟ್ಟಕ್ಕೆ ಸುಧಾರಿಸಿದರು. ನಮ್ಮ ಕಡೆಯವರು ಮಾತ್ರೆ ಕಮ್ಮಿ ನುಂಗಿದರು, ಅಷ್ಟೇ. 2021ರಲ್ಲಿ ಫ್ರಾನ್ಸ್‌ನಲ್ಲಿ 400 ಜನರ ಮೇಲೆ, ಹೋಲಿಕೆಗೆ ಅಂತ ಕೈಚಿಕಿತ್ಸೆಯ ನಾಟಕ ಮಾತ್ರ ಪಡೆದ ಗುಂಪನ್ನೂ ಇಟ್ಟುಕೊಂಡು ನೋಡಿದಾಗ ಸಿಕ್ಕ ಲಾಭ ತೀರಾ ಸಣ್ಣದು. ನನ್ನ ಮಟ್ಟಿಗೆ ಮಾತ್ರೆ ಕಮ್ಮಿಯಾಗುವುದೂ ದೊಡ್ಡ ವಿಷಯವೇ. ಬಿ.ಪಿ., ಸಕ್ಕರೆ ಕಾಯಿಲೆ ಇರುವ ವಯಸ್ಸಾದವರಿಗೆ ದಿನಾ ನೋವಿನ ಮಾತ್ರೆ ಕೊಟ್ಟರೆ ಕಿಡ್ನಿ ಸುಮ್ಮನೆ ಇರುವುದಿಲ್ಲ. ಆದರೆ ಆಸ್ತಮಾ, ನ್ಯುಮೋನಿಯಾ ಎಲ್ಲವನ್ನೂ ಕೈಯಲ್ಲೇ ಗುಣ ಮಾಡುತ್ತೇನೆ ಅನ್ನುವವರ ಮಾತು ನಂಬಬೇಡಿ. ತಲೆಬುರುಡೆಯನ್ನು ಮೆಲ್ಲಗೆ ಹಿಡಿದು ಮಾಡುವ ಒಂದು ವಿಧಾನವೂ ನಮ್ಮ ಪಾಠದಲ್ಲಿತ್ತು, ಪರೀಕ್ಷೆಗೆ ಓದಿದೆ, ಆಮೇಲೆ ಮಾಡಿಲ್ಲ.

ನನ್ನ ಪ್ರಕಾರ ಈ ತರಬೇತಿಯ ಬೆಲೆ ಗೊತ್ತಾಗುವುದು ರೋಗ ಪತ್ತೆಯಲ್ಲಿ. ಸಾಫ್ಟ್‌ವೇರ್ ಕೆಲಸದ ಒಬ್ಬರು ಬಲ ಭುಜದ ನೋವಿಗೆ ಮಸಾಜ್, ಹೊಸ ಕುರ್ಚಿ, ಹೊಸ ಮೌಸ್ ಎಲ್ಲ ಮುಗಿಸಿ ಬಂದರು. (ಗುರುತು ಸಿಗದಿರಲಿ ಅಂತ ವಿವರ ಅಲ್ಲಿಷ್ಟು ಇಲ್ಲಿಷ್ಟು ಬದಲಿಸಿದ್ದೇನೆ.) ಭುಜ ಎತ್ತಿಸಿದೆ, ತಿರುಗಿಸಿದೆ, ಕುತ್ತಿಗೆ ಬಾಗಿಸಿದೆ. ಎಲ್ಲ ಬೆಣ್ಣೆಯ ಹಾಗೆ ಆಡುತ್ತಿದೆ, ಎಲ್ಲಿ ಒತ್ತಿದರೂ ನೋವಿಲ್ಲ. ಭುಜ ನೋಯುತ್ತದೆ, ಆದರೆ ಭುಜದಲ್ಲಿ ತಪ್ಪಿಲ್ಲ. ಯಾವಾಗ ಬರುತ್ತೆ ಅಂದರೆ, ಯೋಚಿಸಿ, "ಬಿರಿಯಾನಿ ತಿಂದ ರಾತ್ರಿ" ಅಂದರು. ಬಲ ಪಕ್ಕೆಲುಬಿನ ಕೆಳಗೆ ಬೆರಳಿಟ್ಟು ಉಸಿರು ಎಳೆಯಿರಿ ಅಂದೆ. ಅರ್ಧಕ್ಕೇ ನಿಂತಿತು. ಅಲ್ಟ್ರಾಸೌಂಡ್‌ನಲ್ಲಿ ಪಿತ್ತಕೋಶದ ಕಲ್ಲು. ಪಿತ್ತಕೋಶದ ಮೇಲಿರುವ ವಪೆಯ (ಉಸಿರಾಡಿಸುವ ಸ್ನಾಯುವಿನ) ನರ ಹೊರಡುವುದು ಕುತ್ತಿಗೆಯಿಂದ, ಭುಜದ ನರಗಳೂ ಅಲ್ಲಿಂದಲೇ, ಮೆದುಳಿಗೆ ವಿಳಾಸ ತಪ್ಪುತ್ತದೆ. ಸರ್ಜನ್ ಪಿತ್ತಕೋಶ ತೆಗೆದರು, ಭುಜ ಸರಿಹೋಯಿತು.

ಊರಿನವರು ಕೇಳುವ ಇನ್ನೊಂದು ಪ್ರಶ್ನೆ: "ನಮ್ಮ ಏರಿಯಾದಲ್ಲೂ ಆಸ್ಟಿಯೋಪಥಿ ಬೋರ್ಡ್ ಇದೆ, ಹೋಗ್ಲಾ?" ಬೋರ್ಡ್ ಒಂದೇ ಇದ್ದರೂ ಓದು ಒಂದೇ ಅಲ್ಲ. ಬ್ರಿಟನ್‌ನಲ್ಲಿ 1993ರ ಕಾಯ್ದೆಯಿಂದ ಅದು ಬೇರೆಯೇ ವೃತ್ತಿ, ಅಲ್ಲಿನ ಆಸ್ಟಿಯೋಪಾತ್‌ಗಳು ನಮ್ಮ ಹಾಗೆ ವೈದ್ಯರಲ್ಲ. ಊರಿನಲ್ಲಿ ಮೂಲ ಪದವಿ ಏನು ಅಂತ ಕೇಳಿ. ಒಳ್ಳೆಯ ಫಿಸಿಯೋಥೆರಪಿಸ್ಟ್ ಆಗಿದ್ದರೆ ಧಾರಾಳವಾಗಿ ಹೋಗಿ. ವೀಕೆಂಡ್ ಕೋರ್ಸ್ ಮಾಡಿ ಕುತ್ತಿಗೆ ತಿರುಚುವವರಾದರೆ ಬೇಡ. ಕಟಿಂಗ್ ಶಾಪಿನಲ್ಲಿ ಫ್ರೀಯಾಗಿ ಕುತ್ತಿಗೆಯ ನೆಟಿಗೆ ತೆಗೆಸಿಕೊಳ್ಳುವುದಂತೂ ಬೇಡವೇ ಬೇಡ. ಕುತ್ತಿಗೆಯಲ್ಲಿ ಮೆದುಳಿಗೆ ರಕ್ತ ಒಯ್ಯುವ ನಾಳಗಳಿವೆ. ಅಪರೂಪಕ್ಕೆ ಒಳಪದರ ಹರಿದು ಲಕ್ವಾ ಹೊಡೆಯುತ್ತದೆ.

ಹಾಸನದ ಅಮ್ಮ ಎರಡು ವಾರ ಬಿಟ್ಟು ಮತ್ತೆ ಬಂದರು. ದಿನಾ ಎರಡು ಸಲ ಮಂಚದ ತುದಿಯಲ್ಲಿ ಕಾಲು ಇಳಿಬಿಡುವ ವ್ಯಾಯಾಮ ಮಾಡಿದ್ದರು, ಸೋಫಾ ಬಿಟ್ಟು ಊಟದ ಮೇಜಿನ ಕುರ್ಚಿಗೆ ಬಂದಿದ್ದರು. ನೆಟ್ಟಗೆ ನಡೆದು ಬಂದು ಕೂತು ಕೇಳಿದರು, "ಒದೆಸ್ಕೊಂಡಿದ್ರೂ ವಾಸಿ ಆಗ್ತಿತ್ತೇನೋ, ಅಲ್ವಾ ಡಾಕ್ಟ್ರೇ?"

ಇಂಥ ಸೊಂಟ ನೋವು ಜಾಸ್ತಿ ಜನರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಕಮ್ಮಿ ಆಗುತ್ತದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಆಗ್ತಿತ್ತೇನೋ ಅಮ್ಮ" ಅಂದೆ.

ಅಳಿಯ ಕೈಯಲ್ಲಿದ್ದ ಬಿಲ್ ನೋಡಿದರು.