ಇನ್ಸಾರ್: ನೆಲದ ಸರಿತವನ್ನು ಅಳೆಯುವ ರೇಡಾರ್ ವಿಧಾನ

‘ಇಂಟರ್‌ಫೆರೊಮೆಟ್ರಿಕ್ ಸಿಂಥೆಟಿಕ್ ಅಪರ್ಚರ್ ರೇಡಾರ್’ ಎಂಬ ಉದ್ದನೆಯ ಹೆಸರಿನ ಮೊಟಕು ರೂಪವೇ ಇನ್ಸಾರ್. ಒಂದೇ ಪ್ರದೇಶವನ್ನು ಉಪಗ್ರಹದ ರೇಡಾರ್ ಎರಡು ಬೇರೆ ದಿನಗಳಲ್ಲಿ ನೋಡಿದಾಗ, ಮರಳಿ ಬಂದ ಅಲೆಗಳ ಪ್ರಾವಸ್ಥೆಯಲ್ಲಿ, ಅಂದರೆ ಅಲೆಯು ತನ್ನ ಏರಿಳಿತದ ಯಾವ ಘಟ್ಟದಲ್ಲಿದೆ ಎಂಬುದರಲ್ಲಿ, ಕಾಣುವ ವ್ಯತ್ಯಾಸದಿಂದ ನೆಲ ಎಷ್ಟು ಸರಿದಿದೆಯೆಂದು ಲೆಕ್ಕ ಹಾಕುವ ವಿಧಾನವಿದು.

ಯುರೋಪಿನ ಸೆಂಟಿನೆಲ್-1 ಉಪಗ್ರಹ ಸುಮಾರು 700 ಕಿ.ಮೀ. ಎತ್ತರದಿಂದ ಕಳಿಸುವ ಅಲೆಯ ತರಂಗಾಂತರ ಸುಮಾರು 5.6 ಸೆಂ.ಮೀ. ನೆಲವು ಉಪಗ್ರಹದಿಂದ 2.8 ಸೆಂ.ಮೀ. ದೂರ ಸರಿದರೆ, ಹೋಗುವಾಗಲೂ ಬರುವಾಗಲೂ ಆ ಅಂತರ ಸೇರಿಕೊಂಡು ಅಲೆಯ ಹಾದಿ ಒಂದು ಪೂರ್ಣ ತರಂಗಾಂತರದಷ್ಟು ಹೆಚ್ಚುತ್ತದೆ. ಚಿತ್ರದಲ್ಲಿ ಅದು ಬಣ್ಣಗಳ ಒಂದು ಸುತ್ತಾಗಿ ಮೂಡುತ್ತದೆ. ಮಳೆ ಬಿದ್ದ ರಸ್ತೆಯಲ್ಲಿ ಚೆಲ್ಲಿದ ಪೆಟ್ರೋಲಿನ ಮೇಲೆ ಕಾಣುವ ಬಣ್ಣದ ಪಟ್ಟಿಗಳಿಗೂ ಅಲೆಗಳು ಒಂದರೊಡನೊಂದು ಕೂಡಿ ಹೆಚ್ಚುವ ಇಲ್ಲವೇ ಕುಗ್ಗುವ ಇದೇ ವ್ಯತಿಕರಣವೇ ಕಾರಣ. ನೆಲ ಕುಸಿದು ಆದ ತಗ್ಗಿನ ಅಂಚಿನಿಂದ ನಡುವಿನವರೆಗೆ ಮೂರು ಸುತ್ತು ಎಣಿಸಿದರೆ ಸರಿತ 8.4 ಸೆಂ.ಮೀ. ಎಂದಾಯಿತು. ಆದರೆ ಇದು ರೇಡಾರಿನ ಓರೆ ನೋಟದ ದಿಕ್ಕಿನಲ್ಲಿ ಸಿಕ್ಕ ಅಳತೆಯೇ ಹೊರತು ನೇರ ಕುಸಿತದ್ದಲ್ಲ. ಈ ಮಾತನ್ನು ವರದಿಗಳು ಹಲವೊಮ್ಮೆ ಮರೆಸುತ್ತವೆ.

ಗಣಿಯ ಕಂಪನಗಳ ಅಧ್ಯಯನದಲ್ಲಿ ಇದರ ಬೆಲೆ ಚೆನ್ನಾಗಿ ತಿಳಿಯುತ್ತದೆ. ಅದಿರು ತೆಗೆದ ಮೇಲೆ ಸುತ್ತಲಿನ ಬಂಡೆ ಒತ್ತಡ ತಾಳದೆ ಸಿಡಿಯುವುದನ್ನು ‘ರಾಕ್‌ಬರ್ಸ್ಟ್’ ಎನ್ನುತ್ತಾರೆ. 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಗಳಲ್ಲಿ ದುಡಿದವರಿಗೆ ಇದು ಹೊಸ ಮಾತಲ್ಲ. ಪೋಲೆಂಡಿನ ರುಡ್ನಾ ತಾಮ್ರದ ಗಣಿಯಲ್ಲಿ 2016ರ ನವೆಂಬರ್ 29ರಂದು ಇಂಥ ಕಂಪನವೊಂದು ಎಂಟು ಮಂದಿಯ ಪ್ರಾಣ ತೆಗೆಯಿತು. ಕಂಪನ ಯಾವಾಗ, ಎಷ್ಟು ಬಲದಿಂದ ಆಯಿತೆಂಬುದನ್ನು ಭೂಕಂಪಮಾಪಕ ಹೇಳಿದರೆ, ಅದರ ಮೇಲ್ಭಾಗದಲ್ಲಿ ನೆಲ ಎಷ್ಟು ಅಗಲಕ್ಕೆ, ಯಾವ ಆಕಾರದಲ್ಲಿ ಬಟ್ಟಲಿನಂತೆ ತಗ್ಗಿತೆಂಬುದನ್ನು ಹಿಂದಿನ ಮತ್ತು ಮುಂದಿನ ರೇಡಾರ್ ಚಿತ್ರಗಳ ಜೋಡಿ ತೋರಿಸಬಲ್ಲದು.

ಆದರೂ ಒಂದು ತೊಡಕು ಉಳಿಯುತ್ತದೆ. ಒಂದು ಸೆಂಟಿನೆಲ್-1 ಉಪಗ್ರಹ ಅದೇ ಹಾದಿಗೆ ಮರಳಲು 12 ದಿನ ಬೇಕಾಗುವುದರಿಂದ, ಕಂಪನದ ಕ್ಷಣದಲ್ಲಾದ ಕುಸಿತವೂ ಗಣಿಗಾರಿಕೆಯಿಂದ ನಿಧಾನವಾಗಿ ಆಗುತ್ತಲೇ ಇರುವ ಕುಸಿತವೂ ಒಂದೇ ಚಿತ್ರದಲ್ಲಿ ಬೆರೆತಿರುತ್ತವೆ. ಗಾಳಿಯ ತೇವಾಂಶ ಅಲೆಯನ್ನು ತಡಮಾಡಿ ಇಲ್ಲದ ಸರಿತವನ್ನು ತೋರಿಸುವುದೂ ಉಂಟು. ಬೆಳೆ, ಕಾಡುಗಳಿರುವೆಡೆ ಎಲೆಗಳು ಅಲುಗಿ, ಬೆಳೆದು, ಉದುರಿ ಎರಡು ಚಿತ್ರಗಳ ಹೊಂದಾಣಿಕೆಯನ್ನೇ ಕೆಡಿಸುತ್ತವೆ. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ, ಇಸ್ರೊ ಮತ್ತು ನಾಸಾ ಕೂಡಿ ಕಟ್ಟಿದ ನಿಸಾರ್ ಉಪಗ್ರಹದಲ್ಲಿ ಸುಮಾರು 24 ಸೆಂ.ಮೀ. ತರಂಗಾಂತರದ ರೇಡಾರೂ ಇರುವುದು ಇದೇ ಕಾರಣಕ್ಕೆ: ಅಷ್ಟು ಉದ್ದದ ಅಲೆ ಎಲೆಗಳನ್ನು ಬಹುಮಟ್ಟಿಗೆ ದಾಟಿ ನೆಲವನ್ನು ಮುಟ್ಟುತ್ತದೆ.